ಮೂವತ್ತೇಳರ ಅಕ್ಕೋರು

ನಮ್ಮ ಶಾಲೆಯ ಗಣಿತದ ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದರೂ ಮುಧೋಳದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಶೋಕಸಭೆ ಇಟ್ಟಿದ್ದರು. ಮಾತಾಡಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಕತೆ. ಬನಹಟ್ಟಿಯಲ್ಲಿ ನಡೆದ ಸನ್ಮಾನದ ಕತೆ, ಮೂವತ್ತೇಳರ ಕತೆ. "ಪಾಪ, ಅಂದಿನ ಅವಮಾನಾ ಕಡೀತನಕ ಮರೀಲಿಲ್ಲ ಅವರು" ಎಂದು ಒಬ್ಬರು ಕಣ್ಣೊರೆಸಿಕೊಂಡರು. ನಾನು ಕನ್ನಡ ಕಲಿಸುವವಳು. ಅಕ್ಕೋರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತವಳು, ಒಂದೇ ಬಸ್ಸಿನಲ್ಲಿ ಓಡಾಡಿದವಳು. ಅವರಿಗೆ ಮರೆಯಲಾಗದೆ ಉಳಿದದ್ದು ಬೇರೆ ಎಂದು ಎದ್ದು ಹೇಳಬೇಕೆನಿಸಿತು. ಮೈಕಿನ ಮುಂದೆ ಹೇಳುವ ಮಾತಲ್ಲ ಎಂದು ಸುಮ್ಮನೆ ಕೂತೆ. ಈಗ ಬರೆಯುತ್ತಿದ್ದೇನೆ.

ಅಕ್ಕೋರ ಧ್ವನಿ ಬಹಳ ದೊಡ್ಡದು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿದವರು. ಮನೆಯ ಪಡಸಾಲೆಯಲ್ಲೇ ಎರಡು ಪಾವರ್‌ಲೂಮ್ ಮಗ್ಗ. ಕರೆಂಟು ಇದ್ದಷ್ಟು ಹೊತ್ತೂ ಖಟಾಖಟಾ ಸದ್ದು. ಊಟಕ್ಕೆ ಕೂತು ಉಪ್ಪು ಬೇಕೆಂದರೂ ಆ ಮನೆಯಲ್ಲಿ ಕೂಗಬೇಕು. ಆ ರೂಢಿ ಅವರಿಗೆ ಶಾಲೆಯಲ್ಲೂ ಬಿಡಲಿಲ್ಲ. ಹೆಡ್ಮಾಸ್ತರರ ಮೇಲಿನ ಸಿಟ್ಟನ್ನು ಅವರು ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದರೆ ಪಕ್ಕದ ಕೋಣೆಯಲ್ಲಿದ್ದ ಹೆಡ್ಮಾಸ್ತರರು ಕೆಮ್ಮುತ್ತಿದ್ದರು. ಒಂಬತ್ತನೆಯ ತರಗತಿಗೆ ಅವರು ಪಾಠ ಮಾಡುತ್ತಿದ್ದರೆ ಎಂಟನೆಯ ತರಗತಿಯಲ್ಲಿ ನನ್ನ ವ್ಯಾಕರಣ ನಿಂತುಹೋಗುತ್ತಿತ್ತು.

"ತಪ್ಪ ಮಾಡ್ರಿ. ಆದ್ರ ಜೋರಾಗಿ ಮಾಡ್ರಿ. ಬಾಯಾಗ ಇಟ್ಕೊಂಡ ತಪ್ಪನ್ನ ನಾ ಹೆಂಗ ತಿದ್ಲಿ?" ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ಸರಿಯುತ್ತರ ಬಂದರೆ ಟೇಬಲ್ಲಿನ ಮೇಲೆ ಅಂಗೈಯಿಂದ ಬಡಿಯುತ್ತಿದ್ದರು. ಡಸ್ಟರಿನ ಪುಡಿ ಏಳುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ನನಗೇ ಕೊಡುತ್ತಿದ್ದರು. ಬೇಡ ಅಂದರೆ, "ಭಾಗಾಕಾರ ಬರೂದಿಲ್ಲ ತಂಗಿ ನನಗ, ಸುಮ್ನ ತಿನ್ನು" ಅನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಪ್ಪ, ತಮ್ಮ, ತಮ್ಮನ ಸಂಸಾರ, ಎರಡು ಮಗ್ಗ. ಅಷ್ಟು ಅವರ ಮನೆ.

ಅಪ್ಪನನ್ನು ನಾವೆಲ್ಲ ಬಲ್ಲೆವು. ಮಗಳನ್ನು ಬಿ.ಎಡ್‌ವರೆಗೆ ಓದಿಸಿದ ಆ ಮುದುಕರಿಗೆ ಓದು ಬರುತ್ತಿರಲಿಲ್ಲ. ಆದರೆ ನಮ್ಮ ಶಾಲೆಯ ಒಂದು ಕಾರ್ಯಕ್ರಮವನ್ನೂ ಅವರು ತಪ್ಪಿಸುತ್ತಿರಲಿಲ್ಲ. ಆಗಸ್ಟ್ ಹದಿನೈದು ಇರಲಿ, ವರ್ಷಕ್ಕೊಮ್ಮೆಯ ಗ್ಯಾದರಿಂಗ್ ಇರಲಿ, ಮಗ್ಗ ಮಗನಿಗೆ ಒಪ್ಪಿಸಿ, ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಬಸ್ಸು ಹಿಡಿದು ಬಂದು ಕೊನೆಯ ಸಾಲಿನಲ್ಲಿ ಕೂಡುತ್ತಿದ್ದರು. ಯಾರು ಮಾತಾಡಿದರೂ ಚಪ್ಪಾಳೆ ತಟ್ಟುತ್ತಿದ್ದರು. ಮಗಳು ಸೂಚನೆ ಕೊಡಲು ಮೈಕಿಗೆ ಬಂದರೂ ತಟ್ಟುತ್ತಿದ್ದರು. ನಮ್ಮ ಹುಡುಗಿಯರು ನಕ್ಕು ಅವರ ಜೊತೆ ತಾವೂ ತಟ್ಟುತ್ತಿದ್ದರು.

ಮೂವತ್ತೇಳು ಅಕ್ಕೋರ ಜೀವನದಲ್ಲಿ ಬಂದದ್ದು ಬಸ್ಸಿನಲ್ಲಿ. ಅವರು ಬನಹಟ್ಟಿಯಿಂದ ಬರುವವರು, ನಾನು ಮಹಾಲಿಂಗಪುರದಲ್ಲಿ ಹತ್ತುವವಳು. ಸಂಜೆ ಜೊತೆಯಾಗಿ ಮರಳುತ್ತಿದ್ದೆವು. ಬಾಗಲಕೋಟೆ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಕಬ್ಬಿನ ಹಂಗಾಮು. ಒಂದು ಸಂಜೆ ಮುಂದೆ ಕಬ್ಬು ಹೇರಿದ ಟ್ರೇಲರ್ ಮಗುಚಿ ರಸ್ತೆಗೆ ಅಡ್ಡ ಬಿದ್ದಿತ್ತು. ಬಸ್ಸು ನಿಂತಿತ್ತು. ಕೆಲವರು ಇಳಿದು ಕಬ್ಬು ಸಿಗಿದು ತಿನ್ನುತ್ತಿದ್ದರು. ಅಕ್ಕೋರಿಗೆ ಟಿಕೇಟಿನ ನಂಬರಿನ ಜೊತೆ ಆಡುವ ಚಟ. ಅಂದು ನನ್ನ ಟಿಕೇಟಿನ ಕೊನೆಯ ಮೂರು ಅಂಕಿ 148.

"ಮೂವತ್ತೇಳ ನಾಕ್ಲೆ ನೂರಾ ನಲವತ್ತೆಂಟು" ಎಂದರು. ಆಮೇಲೆ ಸುಮ್ಮನೆ ಇರಲಾರದೆ ಮುಂದಿನ ಒಂದನ್ನು ಹಿಂದಕ್ಕೆ ಹಾಕಿದರು. 481. ಬೆರಳಿನಿಂದ ಸೀಟಿನ ಮೇಲೆ ಮೂವತ್ತೇಳರಿಂದ ಭಾಗಿಸಿದರು, ಶೇಷ ಉಳಿಯಲಿಲ್ಲ. "ಏ ತಂಗಿ, ಇದೂ ಹೋತು ನೋಡು!" ನಾಲ್ಕನ್ನೂ ಎತ್ತಿ ಹಿಂದಕ್ಕೆ ಹಾಕಿದರು. 814. "ಯವ್ವಾ, ಇದೂ ಹೋತು! ಮೂರೂ ಹೋದ್ವಲ್ಲ!"

ಮುಂದಿನ ಸೀಟಿನ ಹಿರಿಯರೊಬ್ಬರು ಗಾಬರಿಯಿಂದ ತಿರುಗಿದರು. "ಯಾರ ಹೋದ್ರರೀ ಅಕ್ಕೋರ? ಟ್ರೇಲರ್ ಬುಡಕ ಸಿಕ್ಕಿದ್ರೇನು?"

ಇಡೀ ಬಸ್ಸು ನಕ್ಕಿತು. ಅಕ್ಕೋರೂ ನಕ್ಕರು. ಆದರೆ ಅವರ ಕಣ್ಣು ಟಿಕೇಟಿನ ಮೇಲೇ ಇತ್ತು.

ಮುಂದೆ ಬಹಳ ದಿನ ಅದೇ ಧ್ಯಾನ. 185, 851, 518. 259, 592, 925. ಮೂವತ್ತೇಳರಿಂದ ಭಾಗವಾಗುವ ಯಾವ ಮೂರಂಕಿ ಸಂಖ್ಯೆಯನ್ನು ತೆಗೆದುಕೊಂಡು ಹೀಗೆ ಸುತ್ತು ತಿರುಗಿಸಿದರೂ ಶೇಷ ಉಳಿಯುತ್ತಿರಲಿಲ್ಲ. ಬರೀ ಉದಾಹರಣೆಯಿಂದ ತೃಪ್ತರಾಗುವವರಲ್ಲ ಅವರು. ಒಂದು ದಿನ ಗಂಟೆ ಹೊಡೆಯುವ ಮೊದಲೇ ನನ್ನನ್ನು ಕರಿಹಲಗೆಯ ಮುಂದೆ ನಿಲ್ಲಿಸಿಕೊಂಡರು.

"ಮುಂದಿನ ಬೆಂಚಿನಾಕಿನ್ನ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಸ್ತೀನಿ ಅಂತ ತಿಳಿ. ನೂರಾ ನಲವತ್ತೆಂಟನ್ನ ಹತ್ತ ಪಟ್ಟು ಮಾಡು. ಸಾವಿರದ ನಾಕುನೂರಾ ಎಂಬತ್ತು. ಮುಂದಿದ್ದ ಒಂದು ಈಗ ಸಾವಿರದ ಮನ್ಯಾಗ ಕುಂತೈತಿ. ಅದನ್ನ ಅಲ್ಲಿಂದ ಎಬ್ಬಿಸಿ ಬಿಡಿ ಮನ್ಯಾಗ ಕುಂದ್ರಸ್ಬೇಕು. ಸಾವಿರ ಹೋತು, ಒಂದು ಬಂತು. ಕಡಿಮಿ ಆಗಿದ್ದೆಷ್ಟು?"

"ಒಂಬೈನೂರ ತೊಂಬತ್ತೊಂಬತ್ತರಿ."

"ಹಾಂ! ಒಂಬೈನೂರ ತೊಂಬತ್ತೊಂಬತ್ತಂದ್ರ ಮೂವತ್ತೇಳ ಇಪ್ಪತ್ತೇಳ್ಲೆ. ಮೂವತ್ತೇಳರ ರಾಶಿಯೊಳಗ ಮೂವತ್ತೇಳರ ರಾಶಿ ಕಳದ್ರ ಮತ್ತೇನ ಉಳೀಬೇಕು? ಮೂವತ್ತೇಳರ ರಾಶೀನ ಉಳೀತೈತಿ." ಅಂಗೈಯಿಂದ ಹಲಗೆಗೇ ಬಡಿದರು.

ಗಣಿತವೆಂದರೆ ಓಡಿಹೋಗುತ್ತಿದ್ದ ನನಗೂ ಅಂದು ಅದು ಅರ್ಥವಾಯಿತು. ಅರ್ಥವಾದ ಖುಷಿಗೆ ನಾನೂ ಜೋರಾಗಿಯೇ ಕೂಗಿದೆನೆಂದು ನೆನಪು.

ಆ ವರ್ಷ ಶಾಲೆಯ ತುಂಬ ಮೂವತ್ತೇಳೇ. ಹುಡುಗಿಯರಿಗೆ ಅಕ್ಕೋರು ಇನ್ನೊಂದು ಆಟ ಕಲಿಸಿದ್ದರು: ಒಂದಂಕಿ ಹಿಡಿ, ಅದನ್ನು ಮೂರು ಸಲ ಒತ್ತೊತ್ತಾಗಿ ಬರೆ, ಆ ಮೂರಂಕಿಗಳ ಮೊತ್ತದಿಂದ ಭಾಗಿಸು. 444ನ್ನು ಹನ್ನೆರಡರಿಂದ ಭಾಗಿಸಿದರೂ 888ನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೂ ಮೂವತ್ತೇಳೇ. ಮೂರರ ಘನಕ್ಕೆ ಏಳರ ಘನ ಕೂಡಿಸಿದರೆ 370, ಅಂದರೆ ಮೂವತ್ತೇಳರ ಹತ್ತು ಪಟ್ಟು. ಹುಡುಗಿಯರು ಮನೆಗೆ ಹೋಗಿ ಅಣ್ಣತಮ್ಮಂದಿರಿಗೆ ಪಂಥ ಕಟ್ಟುತ್ತಿದ್ದರು. ಎರಡಂಕಿಯ ಸಂಖ್ಯೆಗಳಲ್ಲಿ ಹೀಗೆ ಸುತ್ತಿದರೂ ಕೆಡದ ಗುಣ ಮೂವತ್ತೇಳಕ್ಕೆ ಒಂದಕ್ಕೇ ಎಂದು ಅಕ್ಕೋರು ಹೇಳಿದ್ದರು. ಹದಿಮೂರು, ಹದಿನೇಳು, ನಲವತ್ತೊಂದು, ಹೀಗೆ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಹಿಡಿದು ಪರೀಕ್ಷೆ ಮಾಡಿ ಆಡಿದ ಮಾತು ಅದು.

ಹುಡುಗಿಯೊಬ್ಬಳ ತಂದೆ ಸ್ಥಳೀಯ ಪತ್ರಿಕೆಗೆ ಸುದ್ದಿ ಬರೆಯುವವರು. ಅವರು ಅದನ್ನು "ನೇಕಾರರ ಮಗಳಿಂದ ಗಣಿತಕ್ಕೆ ಹೊಸ ಸೂತ್ರ" ಎಂದು ಅಚ್ಚು ಹಾಕಿಸಿಬಿಟ್ಟರು. ಅಕ್ಕೋರು ಪತ್ರಿಕೆ ಹಿಡಿದು, "ಹೊಸಾದು ಹೌದೋ ಅಲ್ಲೋ, ತಿಳದವರಿಗೆ ಒಮ್ಮೆ ಕೇಳಬೇಕಾಗಿತ್ತಲ್ಲ" ಎಂದು ಅನುಮಾನಿಸಿದ್ದು ನಿಜ. ಆದರೆ ಮುಖದ ತುಂಬ ಸಂತೋಷ. ಅಪ್ಪ ಆ ತುಂಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಓಣಿಯಲ್ಲಿ ಸಿಕ್ಕಸಿಕ್ಕವರಿಂದ ಓದಿಸಿ ಕೇಳಿದರಂತೆ. ಓಣಿಯ ಹಿರಿಯರು ಸೇರಿ ಸನ್ಮಾನ ಮಾಡಬೇಕೆಂದು ಗೊತ್ತುಮಾಡಿದರು. ಮುಖ್ಯ ಅತಿಥಿ ಬಾಗಲಕೋಟೆಯ ನವನಗರದಿಂದ ಬರುವ ಒಬ್ಬ ನಿವೃತ್ತ ಗಣಿತ ಪ್ರಾಧ್ಯಾಪಕರು. ನಿರೂಪಣೆ ನನ್ನದು.

ಅಂದು ಸಂಜೆ ಆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಸಮುದಾಯ ಭವನ ತುಂಬಿತ್ತು. ಅಪ್ಪ ಎಂದಿನ ಹಾಗೆ ಕೊನೆಯ ಸಾಲಿನಲ್ಲಿ ಕೂತಿದ್ದರು; ಹಿರಿಯರು ಕೈಹಿಡಿದು ಎಳೆದು ತಂದು ಮುಂದಿನ ಸಾಲಿನ ನಡುವೆ ಕೂರಿಸಿದರು. ಶಾಲು ಹೊದಿಸಿದ್ದಾಯಿತು, ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ಪ್ರಾಧ್ಯಾಪಕರು ಮಾತಿಗೆ ಎದ್ದರು. ಸೌಮ್ಯ ಮನುಷ್ಯ. ಅವರಿಗೆ ಕೆಟ್ಟ ಉದ್ದೇಶ ಇತ್ತೆಂದು ನಾನು ಅಂದೂ ಎಣಿಸಲಿಲ್ಲ, ಇಂದೂ ಎಣಿಸುವುದಿಲ್ಲ. ಗಣಿತದವರು, ತಪ್ಪು ಕಂಡ ಮೇಲೆ ಬಿಡಲಾಗಲಿಲ್ಲ.

"ಈ ಗುಣ ಹೊಸದಲ್ಲ, ಗಣಿತದಲ್ಲಿ ಬಹು ಹಿಂದಿನಿಂದ ತಿಳಿದಿರುವಂಥದು" ಎಂದರು. "ಇದು ಮೂವತ್ತೇಳಕ್ಕೆ ಮಾತ್ರ ಸೀಮಿತವೂ ಅಲ್ಲ. ಪತ್ರಿಕೆಯಲ್ಲಿ ಇವರು ಕೊಟ್ಟಿರುವ ಸಾಧನೆಯಲ್ಲೇ ಒಂಬೈನೂರ ತೊಂಬತ್ತೊಂಬತ್ತು ಎಂದರೆ ಮೂವತ್ತೇಳು ಗುಣಿಸು ಇಪ್ಪತ್ತೇಳು ಎಂದಿದೆ. ಹಾಗಾದರೆ ಪಾಪ, ಇಪ್ಪತ್ತೇಳು ಮಾಡಿದ ತಪ್ಪೇನು? ಪಕ್ಕದಲ್ಲೇ ಕೂತಿದೆಯಲ್ಲ! ಮೂವತ್ತೇಳರ ಗುಣ ಇಪ್ಪತ್ತೇಳಕ್ಕೂ ಇದ್ದೇ ಇದೆ."

ಅಕ್ಕೋರು ಆಮಂತ್ರಣ ಪತ್ರದ ಹಿಂಬದಿಗೆ ಏನೋ ಗೀಚುತ್ತಿದ್ದುದು ನಾನು ನಿಂತಲ್ಲಿಂದ ಕಾಣುತ್ತಿತ್ತು. 135. 351. 513. ಮೂರೂ ಇಪ್ಪತ್ತೇಳರಿಂದ ಭಾಗವಾಗುತ್ತವೆ. ಪೆನ್ನು ನಿಂತಿತು. ಅವರ ಕಿವಿಯವರೆಗೂ ಕೆಂಪು ಏರಿತು. ತಾನು ಮೊದಲಿಗಳಲ್ಲ ಎನ್ನುವುದು ಹಾಗಿರಲಿ, ತನ್ನ ಕೈಯಾರೆ ಬರೆದ ಸಂಖ್ಯೆಯನ್ನೇ ತಾನು ನೋಡಿರಲಿಲ್ಲ. ಸಭೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಆ ನಿಶ್ಶಬ್ದದಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು. ಅಪ್ಪ. ಅಷ್ಟು ದೊಡ್ಡವರು ಮಗಳ ಅಂಕಿಯನ್ನು ಹೆಸರಿಸಿ, ಸಾಧನೆ ಎಂದು, ಇನ್ನೊಂದು ಅಂಕಿಗೂ ಅದೇ ಗುಣ ಉಂಟು ಎಂದದ್ದು ಅವರಿಗೆ ಹೊಗಳಿಕೆಯಾಗಿ ಕೇಳಿಸಿರಬೇಕು. ನೇಯ್ದು ಗಟ್ಟಿಯಾದ ಅಂಗೈಗಳು, ಸದ್ದು ಜೋರಾಗಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರೂ ನಕ್ಕರು.

"ಸುಮ್ನ ಕುಂದ್ರಪಾ! ತಿಳೀಲಾರದಕ್ಕ ಯಾಕ ಚಪ್ಪಾಳಿ ಹೊಡೀತಿ?"

ಅಕ್ಕೋರ ಮುಂದೆ ಮೈಕಿರಲಿಲ್ಲ. ಅವರಿಗೆ ಮೈಕು ಬೇಕಾಗಿಯೂ ಇರಲಿಲ್ಲ. ಮಾತು ಭವನದ ಹಿಂದಿನ ಗೋಡೆಗೆ ಹೋಗಿ ತಾಗಿತು. ಅಪ್ಪ ಚಪ್ಪಾಳೆ ನಿಲ್ಲಿಸಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ನಾನು ಗಡಬಡಿಸಿ ವಂದನಾರ್ಪಣೆಯವರನ್ನು ಕರೆದೆ. ಪ್ರಾಧ್ಯಾಪಕರು ಆಮೇಲೆ ಅಕ್ಕೋರ ಬಳಿ ಬಂದು, "ಯಾರ ಸಹಾಯವೂ ಇಲ್ಲದೆ ಕಂಡುಕೊಂಡಿರಲ್ಲ, ಅದೇನು ಸಣ್ಣ ಮಾತಲ್ಲ" ಅಂದರು. ಅಕ್ಕೋರು ಕೈ ಮುಗಿದರು.

ಅಪ್ಪನಿಗೆ ಅಂದ ಆ ಮಾತನ್ನು ಅಲ್ಲಿದ್ದವರೆಲ್ಲ ಕೇಳಿದೆವು. ಕೇಳಿ ಮರೆತೆವು. ಇಪ್ಪತ್ತೇಳನ್ನು ಮಾತ್ರ ಯಾರೂ ಮರೆಯಲಿಲ್ಲ.

ಕೆಲವು ದಿನ ರಜೆ ಹಾಕಿ ಅಕ್ಕೋರು ಮರಳಿ ಬಂದರು. ಬಂದವರು ಹೆಡ್ಮಾಸ್ತರರ ಅಪ್ಪಣೆ ಕೇಳಿ ಒಂದೊಂದೇ ತರಗತಿಗೆ ಹೋದರು. "ಅದೆಲ್ಲಾ ಯಾಕ್ರೀ ಈಗ, ಮಕ್ಕಳು ಮರೀತಾವ ಬಿಡ್ರಿ" ಎಂದರು ಹೆಡ್ಮಾಸ್ತರರು. "ನಾ ಕಲಿಸಿದ ತಪ್ಪು ನಾನ ತಿದ್ದಬೇಕಲ್ರಿ" ಎಂದರು ಇವರು. ಪ್ರತಿ ತರಗತಿಯಲ್ಲೂ ಹಲಗೆಯ ಮೇಲೆ 27 ಎಂದು ಬರೆದು ತೋರಿಸಿದರು. ಇದನ್ನು ನಾನು ಕಂಡಿರಲಿಲ್ಲ, ಮೂವತ್ತೇಳರದೂ ನನಗಿಂತ ಮೊದಲೇ ಬೇರೆಯವರು ಕಂಡದ್ದು ಎಂದು ಹೇಳಿದರು. ಹತ್ತನೆಯ ತರಗತಿಯಲ್ಲಿ ನಾನೂ ಬಾಗಿಲಲ್ಲಿ ನಿಂತಿದ್ದೆ. ಗಲಗಲಿಯ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಅಕ್ಕೋರ, ನಿಮಗ ಯಾರರ ಹೇಳಿಕೊಟ್ಟಿದ್ರೇನ್ರಿ?"

"ಇಲ್ಲವಾ. ಬಸ್ಸಿನ್ಯಾಗ ಸಿಕ್ತು."

"ಮತ್ತ ನಮಗ್ಯಾಕ ಹೇಳಿಕೊಟ್ರಿ? ಸುಮ್ನಿದ್ರ ನಮಗೂ ಸಿಗ್ತಿತ್ತಲ್ರಿ."

ಅಕ್ಕೋರು ಆ ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. ಅಲ್ಲಿಂದ ಅವರ ಪಾಠದ ರೀತಿ ಬದಲಾಯಿತು. ಸೂತ್ರವನ್ನು ಮೊದಲೇ ಹೇಳುವುದನ್ನು ಬಿಟ್ಟರು. ನಾಲ್ಕು ಉದಾಹರಣೆ ಕೊಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಕಂಡುಕೊಂಡ ಹುಡುಗಿಯ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಪ್ರತಿವರ್ಷ ಇಪ್ಪತ್ತೇಳರ ಕತೆಯನ್ನು ತಾವೇ ಹೇಳಿ ತಾವೇ ನಗುತ್ತಿದ್ದರು. ಆದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಬನಹಟ್ಟಿಯ ಆ ಸಮಾರಂಭದ ಮಾತು ತೆಗೆದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಗಾಯ ಇನ್ನೂ ಹಸಿ ಇದೆ, ಪ್ರಾಧ್ಯಾಪಕರು ಹಾಗೆ ಮಾತಾಡಬಾರದಿತ್ತು ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಅಪ್ಪ ನಮ್ಮ ಕಾರ್ಯಕ್ರಮಗಳಿಗೆ ಬರುವುದನ್ನು ಬಿಟ್ಟದ್ದನ್ನು ನಾವ್ಯಾರೂ ಅದರ ಜೊತೆ ಕೂಡಿಸಿ ನೋಡಲಿಲ್ಲ. ವಯಸ್ಸಾಗಿದೆ ಅಂದುಕೊಂಡೆವು. ಮುಂದೆ ಅವರು ತೀರಿಕೊಂಡಾಗ ಹೋಗಿ ಮಣ್ಣು ಹಾಕಿ ಬಂದೆವು.

ಅಕ್ಕೋರು ನಿವೃತ್ತರಾದ ದಿನವೂ ನಾವಿಬ್ಬರೂ ಅದೇ ಬಸ್ಸಿನಲ್ಲಿ ಮರಳಿದೆವು. ಬೀಳ್ಕೊಡುಗೆಯ ಹಾರ, ಹಣ್ಣು ನನ್ನ ತೊಡೆಯ ಮೇಲಿದ್ದವು. ಹುಡುಗಿಯರು ಬಹಳ ಹೊತ್ತು ಚಪ್ಪಾಳೆ ತಟ್ಟಿದ್ದರು. ಅದನ್ನೇ ನಾನು ಖುಷಿಯಿಂದ ಹೇಳುತ್ತಿದ್ದೆ. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

"ತಂಗಿ, ನೀವೆಲ್ಲಾ ನನ್ನ ಬಗ್ಗೆ ಒಂದು ತಪ್ಪ ತಿಳಕೊಂಡೀರಿ" ಎಂದರು. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಕೇಳಲು ನಾನು ಬಾಗಬೇಕಾಯಿತು. "ಇಪ್ಪತ್ತೇಳು ತಪ್ಪಿದ್ದಕ್ಕ ನನಗ ನಾಚಿಕಿ ಇಲ್ಲ. ನಾಕು ದಿನ ಇತ್ತು, ಹೋತು. ಅಪ್ಪಗ ಹಂಗ ಅಂದ್ನೆಲ್ಲ, ಅದು ಹೋಗವಲ್ದು."

ನನಗೆ ಕೂಡಲೇ ಹೊಳೆಯಲಿಲ್ಲ. ಹೊಳೆದಾಗ ಅವರ ಕಡೆಗೆ ತಿರುಗಿ ಕೂತೆ.

"ಆವತ್ತು ಮನೀಗಿ ನಡಕೋತ ಬಂದ್ವಿ. ರಜಾ ಮುಗದ ದಿನ ಮುಂಜಾನೆ ತಪ್ಪಾತು ಅನ್ನೋಣಂತ ಪಡಸಾಲಿಗೆ ಹೋದ್ನಿ. ಮಗ್ಗ ಚಾಲೂ ಇತ್ತು. ಅಂವಗ ಕೇಳಬೇಕಂದ್ರ ಒದರಬೇಕಾಗಿತ್ತು. ಸಭಾದಾಗ ಅಷ್ಟ ಜೋರಾಗಿ ಅಂದಾಕಿ, ಮನ್ಯಾಗ ಒಂದ ಮಾತು ಜೋರಾಗಿ ಅನ್ನಾಕ ಬಾಯಿ ಬರಲಿಲ್ಲ ನೋಡು. ಬಂದ್ನಿ, ಸಾಲಿಗೆ ಬಸ್ಸ ಹಿಡದ್ನಿ."

"ಅವರು ಮರ್ತಿರ್ತಾರ ಬಿಡ್ರಿ ಅಕ್ಕೋರ."

"ಗ್ಯಾದರಿಂಗಿಗೆ ಬಾರಪಾ ಅಂದ್ನಿ. 'ಬ್ಯಾಡವ್ವಾ. ಎಲ್ಲಿ ಚಪ್ಪಾಳಿ ಹೊಡೀಬೇಕು ಅನ್ನೂದು ನನಗ ತಿಳಿಯಂಗಿಲ್ಲ' ಅಂದ. ಸಿಟ್ಟಿಲೆ ಅಂದಿದ್ರ ಛಲೋ ಇತ್ತು. ಖರೇನ ಅಂದ. ತನಗ ತಿಳಿಯಂಗಿಲ್ಲ ಅಂತ ಒಪ್ಪಿಕೊಂಡಬಿಟ್ಟಿದ್ದ."

ಮಹಾಲಿಂಗಪುರ ಬಂತು. ನಾನು ಇಳಿಯಲಿಲ್ಲ. ಅವರೂ ಇಳಿ ಅನ್ನಲಿಲ್ಲ.

"ಒಂದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗ್ಗ ನಿಂತಿದ್ವು. ಅಪ್ಪನ ಬಾಜೂಕ ಕುಂತು, ನೆಲದ ಮ್ಯಾಲೆ ಸುಣ್ಣದ ಖಡುವಿಲೆ ಬರದು ಎಲ್ಲಾ ತಿಳಿಸಿ ಹೇಳಿದ್ನಿ. ಮೂವತ್ತೇಳು ಅಂದ್ರೇನು, ಇಪ್ಪತ್ತೇಳು ಎಲ್ಲಿಂದ ಬಂತು, ಆ ಸರ್ ಏನಂದ್ರು, ನಾ ಎಲ್ಲಿ ತಪ್ಪಿದ್ನಿ. ಸುಮ್ನ ಕುಂತು ಕೇಳಿದ. ಇಷ್ಟಪಾ, ಮುಗೀತು ಅಂದ್ನಿ. ಆಗ ನನ್ನ ಮಾರಿ ನೋಡಿದ." ಅಕ್ಕೋರು ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಚಪ್ಪಾಳಿ ಹೊಡೀಲೇನು ಅಂತ ಕೇಳೂ ಹಂಗ ನೋಡಿದ, ತಂಗಿ. ತನ್ನ ಮನ್ಯಾಗ, ತನ್ನ ಮಗಳ ಮಾರಿ ನೋಡಿ ಕೇಳಿದ. ನಾ ಹೂಂ ಅಂತ ಗೋಣ ಹಾಕಿದ್ನಿ. ಆಮ್ಯಾಲೆ ಹೊಡದ. ಸಪ್ಪಳ ಆಗಲಾರದಂಗ ಹೊಡದ."

ಸಮಾಧಾನ ಹೇಳುವುದು ಕನ್ನಡದವಳಾದ ನನಗೆ ಬರಬೇಕಿತ್ತು. ಏನೇನೋ ಹೇಳಿದೆ. ಸಿಟ್ಟಿನಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಬರುತ್ತದೆ, ನೀವು ಅವರನ್ನು ಕೊನೆಯವರೆಗೆ ನೋಡಿಕೊಂಡಿರಿ, ಅಂತೆಲ್ಲ.

"ಲೆಕ್ಕದ್ದೇನ ಬಿಡು. ಯಾರೋ ಮೊದಲ ಕಂಡಿದ್ರು, ಹಿಂದಿಂದ ನಾ ಕಂಡ್ನಿ" ಅಂದರು. "ಆದ್ರ ನಮ್ಮ ಮನ್ಯಾಗ ಅಪ್ಪಗ ಸುಮ್ನ ಕುಂದ್ರು ಅಂದಾಕಿ ನಾನ ಮೊದಲನೇದಾಕಿ. ಓದ ಬರದ ನಮ್ಮವ್ವ ಇದ್ದಷ್ಟ ದಿನಾ ಎಂದೂ ಅನ್ನಲಿಲ್ಲ, ತಮ್ಮ ಅನ್ನಲಿಲ್ಲ. ಅಂವ ಓದಿಸಿದಾಕಿ ಅಂದ್ನಿ."

ಬಸ್ಸು ಬನಹಟ್ಟಿಯ ಹತ್ತಿರ ಬಂದಿತ್ತು. ಕಂಡಕ್ಟರು ಇಳಿಯುವವರನ್ನು ಎಬ್ಬಿಸುತ್ತಿದ್ದ. ಕೇಳಬಾರದೆಂದುಕೊಂಡರೂ ಕೇಳಿದೆ: "ಕಡೀಕರ ತಪ್ಪಾತು ಅಂತ ಅಂದ್ರೇನ್ರಿ ಅಕ್ಕೋರ ಅವರಿಗೆ?"

"ಅಂದ್ನಿ" ಎಂದರು. ಹಾರದ ಚೀಲವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. "ಬಾಳ ತಡಾ ಮಾಡಿದ್ನಿ. ಮಗ್ಗದವರಿಗೆ ಕಿವಿ ಹೋಗ್ತಾವ ನೋಡು, ಅಪ್ಪನ ಕಿವೀನೂ ಹೋಗಿದ್ವು. ಹಾಸಿಗಿ ಹಿಡದಿದ್ದ. ಬಾಜೂಕ ಕುಂತು ಓಣಿಗೆಲ್ಲಾ ಕೇಳೂ ಹಂಗ ಒದರಿದ್ನಿ, ತಪ್ಪಾತಪಾ ಅಂತ. ನನ್ನ ಬಾಯಿ ನೋಡಿ, 'ಹೂಂ, ಊಟಾತವ್ವಾ. ನೀ ಉಣ್ಣ ಹೋಗು' ಅಂದ."